ಹಾವೂ ಇಲ್ಲ, ಪುಂಗಿಯೂ ಇಲ್ಲ... ನಾದ ಮಾತ್ರ ಉಂಟು!

ಮದುವೆಯ ದಿಬ್ಬಣವಿರಲಿ, ಗಣಪತಿ ಬಿಡುವ ಮೆರವಣಿಗೆಯಿರಲಿ, ಬ್ಯಾಂಡಿನವರು ಆ ಒಂದು ಧಾಟಿ ಎತ್ತಿದರೋ ಇಲ್ಲವೋ, ಗುಂಪಿನಲ್ಲಿ ಯಾರೋ ಒಬ್ಬ ಕರವಸ್ತ್ರದ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಹಾವಾಡಿಗನಾಗುತ್ತಾನೆ. ಇನ್ನೊಬ್ಬ ಅಂಗೈ ಜೋಡಿಸಿ ಹೆಡೆ ಮಾಡಿಕೊಂಡು, ಹೊಸ ಪ್ಯಾಂಟಿನ ಚಿಂತೆಯನ್ನೂ ಬಿಟ್ಟು ರಸ್ತೆಯಲ್ಲೇ ಹೊರಳಾಡುತ್ತಾನೆ. ನೀವೂ ನೋಡಿದ್ದೀರಿ. ಹೊರಳಾಡಿದವರೂ ನಿಮ್ಮಲ್ಲಿ ಇದ್ದೀರಿ, ಸುಳ್ಳು ಹೇಳಬೇಡಿ!

ಆ ಧಾಟಿ 1954ರ ಹಿಂದಿ ಚಿತ್ರ 'ನಾಗಿನ್'ನದು. ವೈಜಯಂತಿಮಾಲಾ, ಪ್ರದೀಪ್ ಕುಮಾರ್ ಜೋಡಿ. ಸಂಗೀತ ಹೇಮಂತ್ ಕುಮಾರ್. (1976ರಲ್ಲಿ ಬಂದ 'ನಾಗಿನ್' ಬೇರೆ, ಅದಕ್ಕೆ ಲಕ್ಷ್ಮೀಕಾಂತ್ - ಪ್ಯಾರೇಲಾಲ್ ಸಂಗೀತ. ಬೆರೆಸಿಬಿಡಬೇಡಿ.) ಹಾಗಾದರೆ ಆ ಚಿತ್ರದಲ್ಲಿ ಪುಂಗಿ ಊದಿದ ಪುಣ್ಯಾತ್ಮ ಯಾರು?

ಯಾರೂ ಊದಲಿಲ್ಲ! ಅಲ್ಲಿ ಪುಂಗಿಯೇ ಇರಲಿಲ್ಲ!

ಇದ್ದದ್ದು ಕ್ಲಾವಿಯೋಲಿನ್ ಎಂಬ ವಿದ್ಯುತ್ ವಾದ್ಯ. ಫ್ರಾನ್ಸಿನ ಕಾನ್‌ಸ್ಟಂಟ್ ಮಾರ್ಟಿನ್ ಎಂಬಾತ 1947ರಲ್ಲಿ ರೂಪಿಸಿದ್ದು. ಹಾರ್ಮೋನಿಯಂ ಮನೆಗಳಂತೆ ಕಪ್ಪು ಬಿಳುಪು ಮನೆಗಳು, ಒಳಗೆ ಹಳೇ ರೇಡಿಯೋದಲ್ಲಿದ್ದಂಥ ವಾಲ್ವುಗಳು. ಒಂದು ಸಲಕ್ಕೆ ಒಂದೇ ಸ್ವರ. ಮಂಡಿಯಿಂದ ಒತ್ತಿ ದನಿ ಏರಿಸಿ ಇಳಿಸಲು ಒಂದು ಸನ್ನೆ. ಅದರ ಮುಂದೆ ಕೂತು ನುಡಿಸಿದ ಗುಜರಾತಿ ಯುವಕ ಕಲ್ಯಾಣ್‌ಜಿ. ಮುಂದೆ ತಮ್ಮ ಆನಂದ್‌ಜಿಯ ಜೊತೆ ಸೇರಿ ಹಿಂದಿ ಚಿತ್ರರಂಗವನ್ನೇ ಆಳಿದ ಅದೇ ಕಲ್ಯಾಣ್‌ಜಿ!

ಇಷ್ಟನ್ನೆಲ್ಲ ನಾನೇಕೆ ಕೆದಕಿದೆ ಎಂದರೆ, ನಮ್ಮ ಕೀಬೋರ್ಡ್ ಮೇಷ್ಟ್ರ ಅನ್ನಕ್ಕೆ ಸಂಚಕಾರ ಬಂದಿತ್ತು.

ಮೂಕಾದ ಪೆಟ್ಟಿಗೆ

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಮೂವತ್ತು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿ, ಒಂದಷ್ಟು ಹುಡುಗರಿಗೆ ಕಲಿಸಿ ಆ ಹೆಸರು ಗಳಿಸಿದವರು. ಸಿನಿಮಾ ಸುದ್ದಿ ಬರೆಯುವ ನಾನು ಬಿಡುವಿದ್ದಾಗ ಅವರ ತಂಡದ ಹಿಂದೆ ಊರೂರು ಸುತ್ತುವುದುಂಟು. ನಡುರಾತ್ರಿಯಲ್ಲಿ ಮೇಷ್ಟ್ರ ಕೈಯಿಂದ 'ನಾಗಿನ್' ಹೊರಟರೆ, ಕುರ್ಚಿ ಮಡಿಸಿ ಮನೆಗೆ ಹೊರಟವರೂ ವಾಪಸ್ಸು ಬಂದು ಕೂರುತ್ತಿದ್ದರು.

ಆ ಕೀಬೋರ್ಡು ಒಂದು ಸಂಜೆ ಮೂಕಾಯಿತು. ಕೆಂಪು ದೀಪ ಉರಿಯುತ್ತದೆ, ಮನೆಗಳು ಒತ್ತುತ್ತವೆ, ದನಿ ಮಾತ್ರ ಇಲ್ಲ. ಬರೀ 'ಬುಸ್' ಎಂಬ ಸದ್ದು. ರಿಪೇರಿಯವನು ಬಿಚ್ಚಿ ನೋಡಿ, "ಸೌಂಡ್ ಬೋರ್ಡ್ ಹೋಗಿದೆ. ಈ ಪಾರ್ಟು ಈಗ ಬರೋಲ್ಲ ಮೇಷ್ಟ್ರೇ" ಎಂದು ಮುಚ್ಚಿಬಿಟ್ಟ. ರಾಜ್ಯೋತ್ಸವದ ಕಾರ್ಯಕ್ರಮಗಳಿಗೆ ಹನ್ನೊಂದೇ ದಿನ ಉಳಿದಿತ್ತು.

ತಂಡದ ಯಜಮಾನರು ಮರುಗಲಿಲ್ಲ. "ಈಗೆಲ್ಲಾ ಪೆನ್‌ಡ್ರೈವಲ್ಲಿ ಟ್ರ್ಯಾಕ್ ಸಿಗ್ತದೆ. ಹಾಕ್ಕೊಂಡು ಹಾಡಿಸಿದ್ರಾಯ್ತು. ಒಂದು ಆಳಿನ ಸಂಬಳಾನೂ ಉಳೀತು" ಎಂದರಂತೆ. ಮೇಷ್ಟ್ರು ಇದನ್ನು ನನಗೆ ಹೇಳುವಾಗ ನಗುತ್ತಿದ್ದರು. ಅಂಥ ನಗುವನ್ನು ನೋಡಬಾರದು.

ಹೊಸದು ಕೊಳ್ಳಲು ಕಾಸಿಲ್ಲ. ನನಗೆ ಹೊಳೆದದ್ದು ಒಂದೇ. ಸತ್ತದ್ದು ದನಿಯ ಬೋರ್ಡು, ಮನೆಗಳು ಸತ್ತಿಲ್ಲ. ಹಿಂಬದಿಯಲ್ಲಿ ಐದು ತೂತಿನ ದುಂಡನೆಯ ಸಾಕೆಟ್ಟು ಇತ್ತು, 'ಮಿಡಿ' ಎಂದು ಬರೆದಿತ್ತು. 1983ರಲ್ಲಿ ವಾದ್ಯ ತಯಾರಿಸುವ ಕಂಪನಿಗಳೆಲ್ಲ ಕೂಡಿ ಒಪ್ಪಿಕೊಂಡ ಭಾಷೆ ಅದು. ಅದರ ವೈರಿನಲ್ಲಿ ಹರಿಯುವುದು ದನಿಯಲ್ಲ. "ಇಂಥ ಮನೆ ಒತ್ತಿದ, ಇಷ್ಟು ಜೋರಾಗಿ ಒತ್ತಿದ, ಈಗ ಬಿಟ್ಟ" ಎಂಬ ಸುದ್ದಿ ಮಾತ್ರ. ಸುದ್ದಿ ಕೇಳಿ ದನಿ ಮಾಡುವ ಬೇರೆ ಯಂತ್ರವೊಂದು ಸಿಕ್ಕರೆ ಸಾಕು. ಆ ಯಂತ್ರವನ್ನು ಕಂಪ್ಯೂಟರಿನ ಒಳಗೇ ಕಟ್ಟಬಹುದು ಎಂದು ಎಲ್ಲೋ ಓದಿದ್ದೆ. ನನ್ನ ಹಳೇ ಲ್ಯಾಪ್‌ಟಾಪ್ ಇತ್ತು. ಧೈರ್ಯ ಮಾಡಿದೆ.

ಬೆಳ್ಳಿತೆರೆಯ ಭೂತಗಳು

ಕಟ್ಟುವ ಕತೆಗೆ ಮುಂಚೆ ಸ್ವಲ್ಪ ಸಿನಿಮಾ ಮಾತಾಡೋಣ, ಪತ್ರಿಕೆ ಅದರದ್ದೇ ಅಲ್ಲವೆ?

ಹಾಲಿವುಡ್ಡಿನಲ್ಲಿ 1956ರಲ್ಲಿ 'ಫರ್ಬಿಡನ್ ಪ್ಲಾನೆಟ್' ಎಂಬ ಚಿತ್ರ ಬಂತು. ಪಿಟೀಲಿಲ್ಲ, ಕಹಳೆಯಿಲ್ಲ, ಇಡೀ ಚಿತ್ರಕ್ಕೆ ವಿದ್ಯುತ್ ಸರ್ಕ್ಯೂಟುಗಳ ನರಳಾಟವೇ ಹಿನ್ನೆಲೆ. ಮಾಡಿದವರು ಲೂಯಿ ಮತ್ತು ಬೆಬೆ ಬ್ಯಾರನ್ ದಂಪತಿಗಳು. ವಾದ್ಯಗಾರರ ಸಂಘದ ತಕರಾರು ಬಂದೀತೆಂದು ಪಾಪ, ಅವರಿಗೆ ಟೈಟಲ್ಲಿನಲ್ಲಿ 'ಸಂಗೀತ' ಎಂದು ಹಾಕಲೇ ಇಲ್ಲ, 'ಎಲೆಕ್ಟ್ರಾನಿಕ್ ಟೊನ್ಯಾಲಿಟೀಸ್' ಎಂದು ಹಾಕಿದರು! 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಬಿಡಿಬಿಡಿ ಪೆಟ್ಟಿಗೆಗಳನ್ನು ವೈರಿನಿಂದ ಜೋಡಿಸುವ ಸಿಂಥಸೈಜರ್ ಹೊರತಂದರು. (ಅವರ ಮನೆಯವರ ಉಚ್ಚಾರ 'ಮೋಗ್' ಅಂತೆ. ನಮ್ಮ ಆರ್ಕೆಸ್ಟ್ರಾದವರಿಗೆ ಮಾತ್ರ ಅದು ಯಾವತ್ತಿಗೂ ಮೂಗೇ!) ಅಂಥದೊಂದು ಮೂಗ್ ಯಂತ್ರ 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತ್ತು ಎಂದರೆ ನಂಬುತ್ತೀರಾ? 1971ರ 'ಎ ಕ್ಲಾಕ್‌ವರ್ಕ್ ಆರೆಂಜ್', 1978ರ 'ಮಿಡ್‌ನೈಟ್ ಎಕ್ಸ್‌ಪ್ರೆಸ್', 1982ರ 'ಬ್ಲೇಡ್ ರನ್ನರ್' ಎಲ್ಲವೂ ಸಿಂಥಸೈಜರಿನ ಮಕ್ಕಳೇ. 'ಮಿಡ್‌ನೈಟ್ ಎಕ್ಸ್‌ಪ್ರೆಸ್'ನ ಜಾರ್ಜಿಯೋ ಮೊರೊಡರ್‌ಗೆ ಆಸ್ಕರೂ ಸಿಕ್ಕಿತು.

ಇತ್ತ ಕಂಪ್ಯೂಟರಿನದು ಬೇರೆ ಕತೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ಇಂಜಿನಿಯರು 1957ರಲ್ಲಿ ಕಂಪ್ಯೂಟರಿನಿಂದ ಹದಿನೇಳು ಸೆಕೆಂಡಿನ ರಾಗ ಹೊರಡಿಸಿದರು. 1961ರಲ್ಲಿ ಅಲ್ಲೇ ಕಂಪ್ಯೂಟರು ಹಾಡಿಯೂಬಿಟ್ಟಿತು. ಅದನ್ನು ಕೇಳಿ ಬೆರಗಾದ ಕಾದಂಬರಿಕಾರ ಆರ್ಥರ್ ಕ್ಲಾರ್ಕ್, '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದಲ್ಲಿ (1968) ಸಾಯುತ್ತಿರುವ ಕಂಪ್ಯೂಟರಿನ ಬಾಯಲ್ಲಿ ಅದೇ ಹಾಡು ಹಾಡಿಸಿದರು. ಆ ಮ್ಯಾಥ್ಯೂಸರ ಹೆಸರನ್ನೇ ಇಟ್ಟು, 1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಂ ಸಂಸ್ಥೆಯಲ್ಲಿ ಮಿಲ್ಲರ್ ಪಕೆಟ್ ಎಂಬವರು 'ಮ್ಯಾಕ್ಸ್' ಎಂಬ ತಂತ್ರಾಂಶ ಬರೆದರು. 1990ರ ದಶಕದಲ್ಲಿ ಅವರೇ ಕ್ಯಾಲಿಫೋರ್ನಿಯಾದಲ್ಲಿ ಕೂತು ಬರೆದದ್ದು 'ಪ್ಯೂರ್ ಡೇಟಾ'. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ನಾನು ಇಳಿಸಿಕೊಂಡದ್ದೂ ಅದನ್ನೇ.

ಬಾಲದಲ್ಲಿ ಹಾವಿನ ಮರಿ

ತೆರೆದರೆ ಏನೂ ಇಲ್ಲ. ಬಿಳೀ ಹಾಳೆ! ಪಿಯಾನೋ ಚಿತ್ರ, ಬಣ್ಣದ ಗುಂಡಿ, ಏನೊಂದೂ ಇಲ್ಲ. ಮೇಷ್ಟ್ರು ಕನ್ನಡಕ ಏರಿಸಿ, "ಇದರಲ್ಲಿ ಎಲ್ಲಪ್ಪಾ ನುಡಿಸೋದು?" ಎಂದರು.

ಪೆಟ್ಟಿಗೆ ನಾವೇ ಇಡಬೇಕು, ಅದರೊಳಗೆ ಹೆಸರು ನಾವೇ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಪೆಟ್ಟಿಗೆಯ ತಲೆಯ ಮೇಲೆ ಬರುವ ದಾರಿ, ಬುಡದಲ್ಲಿ ಹೋಗುವ ದಾರಿ. ಮೌಸಿನಲ್ಲಿ ಎಳೆದರೆ ಒಂದರ ಬುಡದಿಂದ ಇನ್ನೊಂದರ ತಲೆಗೆ ವೈರು. ಮೈಕಿನವರು ಸ್ಟೇಜಿನ ಮೇಲೆ ಮಾಡುವುದೂ ಇದನ್ನೇ ಅಲ್ಲವೆ? ತೆಳ್ಳಗಿನ ವೈರಿನಲ್ಲಿ ಸುದ್ದಿ ಹೋಗುತ್ತದೆ, ದಪ್ಪ ವೈರಿನಲ್ಲಿ ದನಿ. ದನಿಯ ಪೆಟ್ಟಿಗೆಗಳ ಹೆಸರಿನ ಕೊನೆಯಲ್ಲಿ ಒಂದು ಡೊಂಕು ಗೆರೆ ಹಾಕಬೇಕು, ಥೇಟ್ ಹಾವಿನ ಮರಿಯೇ! "ಶಕುನ ಚೆನ್ನಾಗಿದೆ" ಎಂದರು ಮೇಷ್ಟ್ರು.

ಮೊದಲು 'ಆಸ್ಕ್ 440' ಎಂಬ ಪೆಟ್ಟಿಗೆ. ಸೆಕೆಂಡಿಗೆ 440 ಸಲ ಕಂಪಿಸುವ ಶುದ್ಧ ನಾದ. ಅದರ ಕೆಳಗೆ 0.1ರಿಂದ ಗುಣಿಸುವ ಪೆಟ್ಟಿಗೆ, ಅದರ ಕೆಳಗೆ ಸ್ಪೀಕರಿಗೆ ಕಳಿಸುವ 'ಡ್ಯಾಕ್'. ಆ ಗುಣಾಕಾರವನ್ನು ಮರೆತು ಹೆಡ್‌ಫೋನ್ ಹಾಕಿಕೊಂಡವನು ಕಿವಿ ಡಾಕ್ಟರನ್ನು ಹುಡುಕಬೇಕಾದೀತು, ಹುಷಾರ್! ಆಮೇಲೆ 'ಡಿ.ಎಸ್.ಪಿ.' ಗುಂಡಿ ಒತ್ತಬೇಕು. (ಪೊಲೀಸ್ ಡಿ.ವೈ.ಎಸ್.ಪಿ. ಅಲ್ಲ, ದನಿಯ ಲೆಕ್ಕ ಶುರು ಮಾಡುವ ಗುಂಡಿ.) ಒತ್ತಿದೆ. "ಕೂಂ..." ಎಂದಿತು.

"ಇದು ಹಿಂದೆ ಟಿ.ವಿ.ಯಲ್ಲಿ ಬಣ್ಣದ ಪಟ್ಟಿ ತೋರಿಸುವಾಗ ಬರ್ತಿದ್ದ ಸದ್ದಲ್ವೇನಪ್ಪಾ?"

ಅದೇ. ಶುದ್ಧ ನಾದದಲ್ಲಿ ಮಜಾ ಇಲ್ಲ ನೋಡಿ, ಶುದ್ಧ ನೀರಿನ ಹಾಗೆ. ಪುಂಗಿಗೆ ಕೊರೆಯುವ ದನಿ ಬೇಕು. ಅದಕ್ಕೆ 'ಫೇಸರ್' ಎಂಬ ಬೇರೆ ಪೆಟ್ಟಿಗೆ ಇದೆ. ಸೊನ್ನೆಯಿಂದ ಒಂದರವರೆಗೆ ಏರುತ್ತದೆ, ದಬಕ್ಕನೆ ಬೀಳುತ್ತದೆ, ಮತ್ತೆ ಏರುತ್ತದೆ. ಗರಗಸದ ಹಲ್ಲಿನ ಆಕಾರ. ಅದರಿಂದ 0.2 ಕಳೆದು, ಹತ್ತು ಸಾವಿರದಿಂದ ಗುಣಿಸಿ, ಒಂದಕ್ಕಿಂತ ಹೆಚ್ಚಾದದ್ದನ್ನೂ ಮೈನಸ್ ಒಂದಕ್ಕಿಂತ ಕಡಿಮೆಯಾದದ್ದನ್ನೂ 'ಕ್ಲಿಪ್' ಪೆಟ್ಟಿಗೆಯಲ್ಲಿ ಕತ್ತರಿಸಿದೆ. ಗರಗಸ ಹೋಗಿ ಕೋಟೆಯ ತೆನೆಯಂಥ ಚಪ್ಪಟೆ ಅಲೆ ಉಳಿಯಿತು. ಕೋಟೆಯ ತೆನೆ ಒಂದು ಅಗಲ, ಒಂದು ಕಿರಿದು. ಆ 0.2 ಅನ್ನು ಬದಲಿಸಿದಂತೆ ಕಿರಿದರ ಅಗಲ ಬದಲಾಗುತ್ತದೆ, ದನಿಯ ಬಣ್ಣವೂ ಬದಲಾಗುತ್ತದೆ. 0.5 ಇಟ್ಟರೆ ಪೊಳ್ಳು ಪೊಳ್ಳು, ಕ್ಲಾರಿಯೋನೆಟ್ ಕಡೆಗೆ. ಕಡಿಮೆ ಮಾಡುತ್ತ ಹೋದರೆ ಗೀರುವ, ಕೆಣಕುವ ದನಿ. 0.2ರ ಹತ್ತಿರ ಬಂದಾಗ ಮೇಷ್ಟ್ರು ಕೈ ಎತ್ತಿ "ಅಲ್ಲೇ ನಿಲ್ಲಿಸು" ಎಂದರು. ಹೀಗೆ ಒಂದು ಪಕ್ಕ ಅಗಲವಾದ ಅಲೆ ಸ್ಪೀಕರಿನ ಕಾಗದವನ್ನು ಒಂದೇ ಕಡೆಗೆ ತಳ್ಳಿ ಹಿಡಿಯುತ್ತದೆ. ಅದಕ್ಕೆ 'ಹಿಪ್ 5' ಎಂಬ ಪೆಟ್ಟಿಗೆ ಸೇರಿಸಿ ಸಮ ಮಾಡಿದೆ.

ಮುಂದೆ, ಪುಂಗಿ ಮೂಗಿನಲ್ಲಿ ಮಾತಾಡುತ್ತದಲ್ಲ, ಅದು? 1200ರ ಆಸುಪಾಸಿನ ಕಂಪನಗಳನ್ನು ಮಾತ್ರ ಧಾರಾಳವಾಗಿ ಬಿಟ್ಟು, ಮಿಕ್ಕವನ್ನು ಬಾಗಿಲಲ್ಲೇ ತಡೆಯುವ 'ಬಿ.ಪಿ.' ಪೆಟ್ಟಿಗೆ ಸೇರಿಸಿದೆ. ನೆಗಡಿಯಾದವನಂತೆ ದನಿ ಮೂಗಿಗೆ ಇಳಿಯಿತು. ಕೀಬೋರ್ಡಿನ ಸುದ್ದಿ ತರುವುದು 'ನೋಟಿನ್' ಪೆಟ್ಟಿಗೆ. ಪ್ರತಿ ಮನೆಗೂ ಒಂದು ನಂಬರು, 69 ಎಂದರೆ 440 ಕಂಪನ. ಹನ್ನೆರಡು ಮನೆ ಕೆಳಗಿಳಿದು 57ಕ್ಕೆ ಬಂದರೆ 220, ಮೇಲೇರಿ 81ಕ್ಕೆ ಹೋದರೆ 880. ಈ ನಂಬರನ್ನು ಕಂಪನವಾಗಿ ಬದಲಿಸುವ ಪೆಟ್ಟಿಗೆಯ ಹೆಸರು 'ಎಂಟಾಫ್'. ಸೆಕೆಂಡಿಗೆ ಆರು ಸಲ ತೂಗುವ ಮತ್ತೊಂದು 'ಆಸ್ಕ್' ತಂದು, ಅದನ್ನು 0.3ರಿಂದ ಗುಣಿಸಿ ಮನೆಯ ನಂಬರಿಗೆ ಕೂಡಿಸಿದರೆ ದನಿಗೆ ನಡುಕ ಬರುತ್ತದೆ.

ಮೂರು ರಾತ್ರಿಯಲ್ಲಿ ಇಷ್ಟಾಯಿತು. ಮನೆ ಒತ್ತಿದರೆ ದನಿ, ಬಿಟ್ಟರೆ ಮೌನ. ಶುರುವಿನಲ್ಲಿ ಒತ್ತಿದಾಗಲೆಲ್ಲ "ಟಕ್" ಎನ್ನುತ್ತಿತ್ತು. ದನಿಯ ಮಟ್ಟ ಸೊನ್ನೆಯಿಂದ ಒಮ್ಮೆಲೇ ಹಾರಿದರೆ ಹಾಗೇ. ಹತ್ತು ಮಿಲಿಸೆಕೆಂಡಿನಲ್ಲಿ ಏರು, ಮುನ್ನೂರರಲ್ಲಿ ಇಳಿ ಎಂದು 'ವಿಲೈನ್' ಪೆಟ್ಟಿಗೆಗೆ ಹೇಳಿ ಅದನ್ನೂ ಅಡಗಿಸಿದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಎನ್ವಲಪ್' ಅಂತಾರೆ, ಅಂಚೆ ಲಕೋಟೆಯ ಎನ್ವಲಪ್ಪೇ. ಒತ್ತಿದ ಸುದ್ದಿ ಹೋಗಿ ದನಿ ಬರುವ ನಡುವಿನ ತಡ ಕೈಗೆ ಗೊತ್ತಾಗುತ್ತಿತ್ತು. ಆಡಿಯೋ ಸೆಟ್ಟಿಂಗಿನಲ್ಲಿ 'ಡಿಲೇ' ಎಂಬ ಅಂಕಿ ಇರುತ್ತದೆ, ಅದನ್ನು ದನಿ ಕಡಿದುಹೋಗದಷ್ಟು ಮಟ್ಟಿಗೆ ಇಳಿಸುತ್ತ ಬಂದೆ. ನನಗೋ ಹೆಮ್ಮೆ. "ಹೇಗಿದೆ ಮೇಷ್ಟ್ರೇ?"

ಮೇಷ್ಟ್ರು 'ನಾಗಿನ್' ಧಾಟಿಯ ಎರಡು ಸಾಲು ನುಡಿಸಿದರು. ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ದನಿ ಅದೇ ಕಣಪ್ಪಾ. ಆದ್ರೆ ಇದು ಪುಂಗಿ ಅಲ್ಲ. ಆಟದ ಸಾಮಾನು."

ಹಾವಾಡಿಗನ ಉಸಿರು

ನನಗೆ ರೇಗಿತು, ಮುಚ್ಚಿಡುವುದೇಕೆ. ನಿದ್ದೆಗೆಟ್ಟು ಕಟ್ಟಿದವನು ನಾನು! ಆದರೆ ಮೇಷ್ಟ್ರು ಮಾತು ಮುಂದುವರಿಸಿದರು. ಅವರು ಹುಡುಗರಾಗಿದ್ದಾಗ ಸಂತೆಗೆ ಹಾವಾಡಿಗ ಬರುತ್ತಿದ್ದನಂತೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಾವು ಹಿಡಿದು ಆಡಿಸುವುದು ಅಪರಾಧವಾಯಿತು, ಕ್ರಮೇಣ ಆ ಮುದುಕ ಬರಲೇ ಇಲ್ಲ. ಹಾವನ್ನು ನೋಡಿ ಮಿಕ್ಕ ಹುಡುಗರು ಬಾಯಿ ಬಿಡುತ್ತಿದ್ದರೆ, ಇವರು ನೋಡುತ್ತಿದ್ದದ್ದು ಹಾವಾಡಿಗನ ಕೆನ್ನೆ!

"ಅವನು ಉಸಿರು ಬಿಡೋದೇ ಇಲ್ಲ ಕಣೋ. ಕೆನ್ನೇಲಿ ಗಾಳಿ ತುಂಬಿಟ್ಟುಕೊಂಡು ಅದನ್ನ ಪುಂಗಿಗೆ ತಳ್ತಾ, ಮೂಗಲ್ಲಿ ಉಸಿರು ಎಳ್ಕೋತಾನೆ. ದನಿ ಒಂದು ಕ್ಷಣ ತುಂಡಾಗಲ್ಲ. ಸ್ವರ ಬದಲಾಯಿಸೋದು ಬೆರಳು, ಗಾಳಿ ಅಲ್ಲ. ನೀನು ಒಂದೊಂದು ಮನೆಗೂ ಬಾಗಿಲು ಹಾಕಿ ತೆಗೀತಿದೀಯ. ಇನ್ನೊಂದು, ಆ ಸೋರೆ ಬುರುಡೆಗೆ ಕೊಳವೆ ಎರಡು. ಒಂದು ಹಾಡೋದು, ಒಂದು ಶ್ರುತಿ ಹಿಡಿಯೋದು. ನಿನ್ನದರಲ್ಲಿ ಶ್ರುತಿ ಎಲ್ಲಿ?"

ನಾನು ಬಾಯಿ ಮುಚ್ಚಿಕೊಂಡು ಕೂತೆ. ಪುಸ್ತಕದಲ್ಲಿ ಓದಿ ಕಟ್ಟಿದ್ದು ಯಂತ್ರ. ಈ ಮನುಷ್ಯ ಹೇಳುತ್ತಿದ್ದದ್ದು ವಾದ್ಯ.

ಕೆಡವಿ ಮತ್ತೆ ಕಟ್ಟಿದೆ. ಈ ಸಲ ಎಣಿಸುವ ಪೆಟ್ಟಿಗೆಯೊಂದನ್ನು ಇಟ್ಟೆ. ಮನೆ ಒತ್ತಿದರೆ ಒಂದು ಕೂಡಿಸು, ಬಿಟ್ಟರೆ ಒಂದು ಕಳೆ. ಲೆಕ್ಕ ಸೊನ್ನೆಗಿಂತ ಹೆಚ್ಚಿರುವ ತನಕ ಗಾಳಿಯ ಬಾಗಿಲು ತೆರೆದೇ ಇರಲಿ, ಹೊಸ ಮನೆ ಒತ್ತಿದಾಗ ಸ್ವರ ಮಾತ್ರ ಬದಲಾಗಲಿ. ಬದಲಾಗುವಾಗ ಹಾರಬಾರದು, ಜಾರಬೇಕು. ಅದಕ್ಕೆ ಅರವತ್ತು ಮಿಲಿಸೆಕೆಂಡು ಕೊಟ್ಟೆ.

ಈ ಜಾರುವಿಕೆಯಲ್ಲಿ ಒಂದು ಗುಟ್ಟಿದೆ. ಮೊದಲು ನಾನು ಕಂಪನವನ್ನೇ ಜಾರಿಸಿದ್ದೆ, ಅಂದರೆ 'ಎಂಟಾಫ್' ಪೆಟ್ಟಿಗೆ ದಾಟಿದ ಮೇಲೆ. ಜಾರಿಕೆ ಏನೋ ಎಡವಿದಂತೆ ಕೇಳುತ್ತಿತ್ತು. ನೋಡಿ, 220ರಿಂದ 440ಕ್ಕೆ, ಎಂದರೆ ಷಡ್ಜದಿಂದ ಮೇಲಿನ ಷಡ್ಜಕ್ಕೆ, ಕಂಪನದ ಲೆಕ್ಕದಲ್ಲಿ ಅರ್ಧ ದಾರಿ 330. ಆದರೆ 330 ಎಂದರೆ ಪಂಚಮ! ಕಿವಿಗೆ ಅದು ಅರ್ಧ ದಾರಿಯಲ್ಲ, ಅದನ್ನೂ ದಾಟಿದ ಜಾಗ. ಹನ್ನೆರಡು ಮನೆಯಲ್ಲಿ ಆರನೆಯದು ಪ್ರತಿ ಮಧ್ಯಮ, ಸುಮಾರು 311. ಹಾಗಾಗಿ ಮನೆಯ ನಂಬರನ್ನೇ ಜಾರಿಸಿ, ಆಮೇಲೆ ಕಂಪನಕ್ಕೆ ಬದಲಿಸಿದೆ. 'ಎಂಟಾಫ್'ನ ಬಾಲಕ್ಕೂ ಹಾವಿನ ಮರಿ ಕಟ್ಟಿದರೆ ಅದು ಈ ಕೆಲಸ ಮಾಡುತ್ತದೆ. ಒಂದು ವೈರಿನ ಜಾಗ ಬದಲಾದದ್ದಷ್ಟೆ, ದನಿ ನುಣ್ಣಗೆ ಹೊರಳಿತು.

ಕೊನೆಗೆ ಇನ್ನೊಂದು 'ಫೇಸರ್' ತಂದು ಮೇಷ್ಟ್ರ ಷಡ್ಜಕ್ಕೆ ಶ್ರುತಿ ಕೂಡಿಸಿ ಸಣ್ಣ ದನಿಯಲ್ಲಿಟ್ಟೆ. ಕ್ಲಾವಿಯೋಲಿನ್ನಿನ ಮಂಡಿ ಸನ್ನೆಯ ಬದಲಿಗೆ ಕೀಬೋರ್ಡಿನ ಎಡಗಡೆಯ ಚಕ್ರವನ್ನು ದನಿಯ ಏರಿಳಿತಕ್ಕೆ ಕಟ್ಟಿದೆ.

ಮೇಷ್ಟ್ರು ನುಡಿಸಿದರು. ಈ ಸಲ ಎರಡು ಸಾಲಿಗೆ ನಿಲ್ಲಿಸಲಿಲ್ಲ. ಒಳಗಿನಿಂದ ಅವರ ಮನೆಯವರು ಕಾಫಿ ಲೋಟ ಹಿಡಿದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಬೀದಿಯಲ್ಲಿ ಪಕ್ಕದ ಮನೆ ಹುಡುಗ ಆಗಲೇ ಅಂಗೈ ಹೆಡೆ ಎತ್ತಿದ್ದ!

ನಿಲ್ಲದ ನಾದ

ಕಾರ್ಯಕ್ರಮದ ದಿನ ಬಂತು. ಯಜಮಾನರು ಪೆನ್‌ಡ್ರೈವನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದರು. "ಕೈ ಕೊಟ್ರೆ ಇದು ಹಾಕ್ತೀನಿ" ಎಂದು ನನಗೆ ತೋರಿಸಿಯೂ ಇದ್ದರು. ಲ್ಯಾಪ್‌ಟಾಪನ್ನು ಸ್ಪೀಕರ್ ಡಬ್ಬದ ಮರೆಯಲ್ಲಿಟ್ಟು ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ.

ರಾತ್ರಿ ಹನ್ನೊಂದೂವರೆ. 'ನಾಗಿನ್' ಹೊರಟಿತು. ಕುರ್ಚಿಗಳು ಹಿಂದೆ ಸರಿದವು. ಹುಡುಗರು ಸ್ಟೇಜಿನ ಮೇಲೇ ನುಗ್ಗಿದರು. ಒಬ್ಬ ಹೊರಳಾಡುತ್ತ ಬಂದು ಕೀಬೋರ್ಡಿನ ಹಿಂದಿನ ವೈರಿಗೆ ಕಾಲು ಹಾಕಿದ. ವೈರು ಕಳಚಿತು!

ನನ್ನ ಎದೆ ಧಸಕ್ಕೆಂದಿತು. ಆದರೆ ದನಿ ನಿಲ್ಲಲಿಲ್ಲ. ಮೇಷ್ಟ್ರು ಆಗ ಷಡ್ಜ ಒತ್ತಿದ್ದರು. 'ಒತ್ತಿದ' ಸುದ್ದಿ ಬಂದಿತ್ತು, 'ಬಿಟ್ಟ' ಸುದ್ದಿ ಬರುವ ಮೊದಲೇ ವೈರು ಹೋಗಿತ್ತು. ಒಂದೇ ಸಮನೆ ಷಡ್ಜ ಕೊರೆಯುತ್ತಿತ್ತು. ತೆವಳಿ ಹೋಗಿ ವೈರು ಸಿಕ್ಕಿಸಿದೆ. ಸಿಕ್ಕಿಸಿದ ಮೇಲೂ ನನ್ನ ಎಣಿಕೆಯ ಪೆಟ್ಟಿಗೆಯಲ್ಲಿ ಒಂದು ಲೆಕ್ಕ ಹೆಚ್ಚಾಗಿಯೇ ಉಳಿಯಿತು. ಅದು ಸೊನ್ನೆಗೆ ಬರುವುದೇ ಇಲ್ಲ, ಬಾಗಿಲು ಮುಚ್ಚುವುದೇ ಇಲ್ಲ! ಮೇಷ್ಟ್ರು ನನ್ನತ್ತ ಒಮ್ಮೆ ನೋಡಿದರು. ಏನು ಅರ್ಥವಾಯಿತೋ, ಕೈಯನ್ನು ಮನೆಗಳಿಂದ ಪೂರ್ತಿ ಎತ್ತಿದರು. ದನಿ ಹಾಗೇ ನಿಂತಿತ್ತು. ಮೆಲ್ಲಗೆ ಒಂದು ಮನೆ ಮುಟ್ಟಿದರು, ದನಿ ಅಲ್ಲಿಗೆ ಜಾರಿತು. ಮತ್ತೆ ಎತ್ತಿದರು, ಮತ್ತೆ ಮುಟ್ಟಿದರು. ಉಸಿರು ಕಡಿಯದ ಹಾವಾಡಿಗನೇ ಕೂತಂತೆ ಆಲಾಪನೆ ಶುರುವಾಯಿತು. ರಿದಂ ಪ್ಯಾಡಿನವನು ತಾಳ ನಿಲ್ಲಿಸಿ ನೋಡತೊಡಗಿದ. ಕುಣಿಯುವವರು ಕುಣಿತ ನಿಧಾನ ಮಾಡಿ ತೂಗಾಡತೊಡಗಿದರು. ಎಷ್ಟು ಹೊತ್ತು ನುಡಿಸಿದರೋ ನಾನು ಗಡಿಯಾರ ನೋಡಲಿಲ್ಲ.

ಮುಗಿಸುವುದು ಹೇಗೆ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿಲ್ಲ! ಕೊನೆಗೆ ಮೇಷ್ಟ್ರು ಚಕ್ರವನ್ನು ಸೊನ್ನೆಗೆ ಇಳಿಸಿದರು. ಸದ್ದಡಗಿದ ಕೂಡಲೇ ನಾನು ಡಿ.ಎಸ್.ಪಿ. ಆರಿಸಿದೆ. ಶಿಳ್ಳೆಯೋ ಶಿಳ್ಳೆ.

ಸ್ಪೇಸ್ ಗುಂಡಿ ಒತ್ತಿದರೆ ಎಣಿಕೆ ಸೊನ್ನೆಯಾಗುವ ಪೆಟ್ಟಿಗೆಯೊಂದನ್ನು ಆ ರಾತ್ರಿಯೇ ಸೇರಿಸಬೇಕೆಂದು ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಯಜಮಾನರು ಎಲೆಯಡಿಕೆ ಹಾಕಿಕೊಳ್ಳುತ್ತ ಬಂದರು. ಪೆನ್‌ಡ್ರೈವಿನ ಮಾತೆತ್ತಲಿಲ್ಲ.

"ನಡುವೆ ಕೈ ಎತ್ತಿದ್ರೂ ನಾದ ನಿಂತಿತ್ತಲ್ಲಾ, ಅದು ಬಹಳ ಚೆನ್ನಾಗಿತ್ತು ಮೇಷ್ಟ್ರೇ. ನಾಳೆ ತಿಪಟೂರಲ್ಲೂ ಹಾಗೇ ಮಾಡ್ಬೇಕು."

ಮೇಷ್ಟ್ರು ಕೀಬೋರ್ಡಿಗೆ ಬಟ್ಟೆಯ ಗವಸು ಹಾಕುತ್ತಿದ್ದರು. ನನ್ನ ಕಡೆ ತಿರುಗಿ, "ಅದನ್ನ ರಿಪೇರಿ ಮಾಡ್ಬೇಡ ಕಣಪ್ಪಾ, ಹಾಗೇ ಬಿಡು" ಎಂದರು.